575015 (ಸಂಖ್ಯೆ)

575015: ಐದು ಲಕ್ಷದ ಎಪ್ಪತ್ತೈದು ಸಾವಿರದ ಹದಿನೈದು, ಕನ್ನಡದ ಅಂಕಿಗಳಲ್ಲಿ ೫೭೫೦೧೫. ಆರು ಸ್ಥಾನಗಳುಳ್ಳ ಒಂದು ಬೆಸ ಪೂರ್ಣಾಂಕ. ಮಂಗಳೂರು ನಗರದ ಉತ್ತರ ಭಾಗದಲ್ಲಿ ಕೂಳೂರು, ಬೊಂದೇಲುಗಳ ನೆರೆಯಲ್ಲಿರುವ, ಮಹಾಲಿಂಗೇಶ್ವರ ದೇವಾಲಯದಿಂದ ಹೆಸರಾದ ಕಾವೂರಿಗೆ ಅಂಚೆ ಇಲಾಖೆಯು ಕೊಟ್ಟಿರುವ ಪಿನ್ ಕೋಡ್ ಇದೇ ಆಗಿದೆ. ಗಣಿತಶಾಸ್ತ್ರದಲ್ಲಿ ಈ ಸಂಖ್ಯೆಗೆ ಪ್ರತ್ಯೇಕವಾದ ಕೀರ್ತಿಯಾಗಲಿ ಹೆಸರಾಗಲಿ ಇಲ್ಲ. ಯಾವ ಗಣಿತಜ್ಞನೂ ಇದನ್ನು ಸೌಂದರ್ಯಕ್ಕಾಗಿ ಆರಿಸಿದವನಲ್ಲ. ಪತ್ರಗಳನ್ನು ವಿಂಗಡಿಸುವ ಅನುಕೂಲವೊಂದೇ ಇದನ್ನು ಊರಿನೊಡನೆ ಬೆಸೆದ ಕಾರಣ. ಆದರೂ ಅಪವರ್ತನ, ವರ್ಗ, ಘನ, ಶೇಷ, ಆವರ್ತ ದಶಾಂಶ ಮೊದಲಾದ ಅಂಕಗಣಿತದ ಪ್ರಧಾನ ವಿಚಾರಗಳೆಲ್ಲವೂ ಈ ಒಂದೇ ಸಂಖ್ಯೆಯಲ್ಲಿ ಸ್ಪಷ್ಟವಾದ ನಿದರ್ಶನಗಳನ್ನು ಪಡೆಯುತ್ತವೆಯಾದುದರಿಂದಲೂ, ಪ್ರಖ್ಯಾತವಲ್ಲದ ಪೂರ್ಣಾಂಕವೊಂದನ್ನು ತಾಳ್ಮೆಯಿಂದ ಪರೀಕ್ಷಿಸಿದಾಗ ಎಷ್ಟು ಗುಣಗಳು ಗೋಚರಿಸುತ್ತವೆಂಬುದಕ್ಕೆ ಇದು ಒಳ್ಳೆಯ ಮಾದರಿಯಾಗಿರುವುದರಿಂದಲೂ, ಇಲ್ಲಿ ಇದರ ಸಮೀಕ್ಷೆಯನ್ನು ಮಾಡಲಾಗಿದೆ.

ಮೂಲ

ಭಾರತದ ಅಂಚೆ ಇಲಾಖೆಯು ಆರಂಕಿಗಳ ಪಿನ್ ಕೋಡ್ ಪದ್ಧತಿಯನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದಿತು. ಊರಿನ ಹೆಸರುಗಳು ಒಂದನ್ನೊಂದು ಹೋಲುವುದರಿಂದಲೂ, ಒಂದೇ ಹೆಸರನ್ನು ನಾನಾ ಲಿಪಿಗಳಲ್ಲಿ ನಾನಾ ವಿಧವಾಗಿ ಬರೆಯುವುದರಿಂದಲೂ ಉಂಟಾಗುತ್ತಿದ್ದ ಗೊಂದಲವನ್ನು ನಿವಾರಿಸುವುದಕ್ಕಾಗಿ, ಆಗ ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ಇದನ್ನು ರೂಪಿಸಿದರು. ಮೊದಲನೆಯ ಅಂಕಿ ದೇಶದ ವಲಯವನ್ನೂ, ಮೊದಲೆರಡು ಸೇರಿ ಉಪವಲಯವನ್ನೂ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆಯನ್ನೂ, ಉಳಿದ ಮೂರು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. 5 ಎಂಬುದು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳನ್ನು ಒಳಗೊಂಡ ವಲಯ, 56ರಿಂದ 59ರವರೆಗಿನವು ಕರ್ನಾಟಕದವು, 575 ಮಂಗಳೂರಿನದು. ಮಂಗಳೂರಿನ ಪ್ರಧಾನ ಅಂಚೆ ಕಚೇರಿಗೆ 575001 ಎಂದೂ, ಕಾವೂರಿಗೆ 575015 ಎಂದೂ, ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಿರುವ ಶ್ರೀನಿವಾಸನಗರಕ್ಕೆ 575025 ಎಂದೂ ಸಂಖ್ಯೆಗಳು ಲಭಿಸಿವೆ.

ಈ ವ್ಯವಸ್ಥೆಯಲ್ಲಿ ಸಂಖ್ಯೆಯು ತಾನಾಗಿಯೇ ಮೂರು ಮೂರು ಅಂಕಿಗಳ ಎರಡು ಖಂಡಗಳಾಗಿ ಒಡೆಯುತ್ತದೆ: 575 ಮತ್ತು 015. ಇವೆರಡೂ ಒಂದೊಂದು ಪೂರ್ಣವರ್ಗಕ್ಕಿಂತ ಒಂದು ಕಡಿಮೆಯವು ಎಂಬುದು ಗಮನಾರ್ಹ. 24ರ ವರ್ಗವಾದ 576ರಿಂದ ಒಂದನ್ನು ಕಳೆದರೆ 575. 4ರ ವರ್ಗವಾದ 16ರಿಂದ ಒಂದನ್ನು ಕಳೆದರೆ 15. ಈ ಖಂಡವಿಭಾಗವೇ ಮುಂದೆ ಹೇಳುವ ಅಪವರ್ತನಕ್ಕೆ ಬಾಗಿಲನ್ನು ತೆರೆಯುತ್ತದೆ.

ಲೇಖನ ಮತ್ತು ನಾಮಕರಣ

ಅಂಕಿಗಳನ್ನು ಬರೆಯದೆ ಪದಗಳಿಂದಲೇ ಸಂಖ್ಯೆಯನ್ನು ಸೂಚಿಸುವ ಭೂತಸಂಖ್ಯಾ ಪದ್ಧತಿಯಲ್ಲಿ ಏಕಸ್ಥಾನದಿಂದ ಮೊದಲ್ಗೊಂಡು ಎಡಕ್ಕೆ ಸಾಗುವುದು ನಿಯಮ. ಮನ್ಮಥನ ಬಾಣಗಳು ಐದಾದುದರಿಂದ ಬಾಣವೆಂದರೆ 5, ಚಂದ್ರನು ಒಬ್ಬನೇ ಆದುದರಿಂದ 1, ಗಗನವು ಶೂನ್ಯವಾದುದರಿಂದ 0, ಇಂದ್ರಿಯಗಳು ಐದು, ಕುಲಪರ್ವತಗಳು ಏಳು, ಮಹಾಭೂತಗಳು ಐದು. ಹೀಗೆ ‘ಬಾಣ-ಚಂದ್ರ-ಗಗನ-ಇಂದ್ರಿಯ-ಗಿರಿ-ಭೂತ’ ಎಂದರೆ 575015 ಆಗುತ್ತದೆ. ಶಕವರ್ಷಗಳನ್ನು ಹೇಳುವಾಗ ನಮ್ಮ ಕವಿಗಳೂ ಶಾಸನಗಳನ್ನು ರಚಿಸಿದವರೂ ಅನುಸರಿಸಿದ ಕ್ರಮವಿದು. ಅಕ್ಷರಗಳಿಗೇ ಬೆಲೆಯನ್ನು ಕೊಡುವ ಕಟಪಯಾದಿ ಪದ್ಧತಿಯಲ್ಲಿ ಮಕಾರಕ್ಕೆ 5, ಯಕಾರಕ್ಕೆ 1, ನಕಾರಕ್ಕೆ 0, ಸಕಾರಕ್ಕೆ 7 ಬೆಲೆಯಿರುವುದರಿಂದ ‘ಮಾಯಾನಾಮಸಮಾ’ ಎಂಬ ಆರಕ್ಷರದ ಸಮಾಸವು ಈ ಸಂಖ್ಯೆಯನ್ನು ನೆನಪಿನಲ್ಲಿಡುವುದಕ್ಕೆ ಸಾಕಾಗುತ್ತದೆ. ಕರ್ಣಾಟಕ ಸಂಗೀತದ ಮೇಳಕರ್ತ ರಾಗಗಳ ಹೆಸರುಗಳಲ್ಲಿ ಕ್ರಮಸಂಖ್ಯೆಯನ್ನು ಅಡಗಿಸಿಟ್ಟಿರುವುದು ಇದೇ ಪದ್ಧತಿಯಿಂದ.

ಎರಡನ್ನೇ ಆಧಾರವಾಗಿರಿಸಿಕೊಂಡ ದ್ವಿಮಾನ ಪದ್ಧತಿಯಲ್ಲಿ ಇದರ ರೂಪ 10001100011000100111. ಇಪ್ಪತ್ತು ಸ್ಥಾನಗಳಲ್ಲಿ ಒಂಬತ್ತು ಒಂದುಗಳೂ ಹನ್ನೊಂದು ಸೊನ್ನೆಗಳೂ ಇವೆ. ಎರಡೇ ಚಿಹ್ನೆಗಳ ವಿನ್ಯಾಸಗಳನ್ನು ಕ್ರಮವಾಗಿ ಎಣಿಸುವ ವಿಚಾರವು ನಮ್ಮಲ್ಲಿ ಪಿಂಗಳನ ಛಂದಶ್ಶಾಸ್ತ್ರದಷ್ಟು ಹಳೆಯದು. ಅಲ್ಲಿ ಲಘುಗುರುಗಳ ಪ್ರಸ್ತಾರವೆಂದು ನಡೆದುದೇ ಇಲ್ಲಿ ಸೊನ್ನೆ-ಒಂದುಗಳ ಬರವಣಿಗೆಯಾಗಿ ಕಾಣಿಸಿಕೊಳ್ಳುತ್ತದೆ. ಈ ರೂಪದ ಕೊನೆಯಲ್ಲಿ ಮೂರು ಒಂದುಗಳು ಒಟ್ಟಾಗಿರುವುದಕ್ಕೆ, ಎಂದರೆ ಸಂಖ್ಯೆಯನ್ನು ಎಂಟರಿಂದ ಭಾಗಿಸಿದರೆ ಏಳು ಶೇಷವುಳಿಯುವುದಕ್ಕೆ, ಮುಂದೆ ಕಾಣುವಂತೆ ಗಂಭೀರವಾದ ಫಲವುಂಟು. ಏಳನ್ನು ಆಧಾರವಾಗಿ ತೆಗೆದುಕೊಂಡರೆ ಸಂಖ್ಯೆಯು 4613300 ಎಂದಾಗುತ್ತದೆ. ಕೊನೆಯ ಎರಡು ಸೊನ್ನೆಗಳು ಇದು ಏಳರ ವರ್ಗವಾದ 49ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂಬುದನ್ನು ನೋಡಿದೊಡನೆಯೇ ಸಾರುತ್ತವೆ.

ಅಪವರ್ತನ

ಕೊನೆಯ ಅಂಕಿ ಐದಾದುದರಿಂದ 575015 ಐದರಿಂದ ಭಾಗವಾಗುವುದು ಸ್ಪಷ್ಟ. ಏಳರ ವಿಷಯ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ 1001 ಎಂಬ ಸಂಖ್ಯೆಯು 7, 11, 13ಗಳ ಗುಣಲಬ್ಧವೆಂಬ ಸಂಗತಿಯನ್ನು ಉಪಯೋಗಿಸಬೇಕು. ಆರಂಕಿಯ ಸಂಖ್ಯೆಯೊಂದರ ಎರಡು ಖಂಡಗಳ ವ್ಯತ್ಯಾಸವು ಈ ಮೂರರಲ್ಲಿ ಯಾವುದರಿಂದ ಭಾಗವಾಗುತ್ತದೆಯೋ, ಮೂಲಸಂಖ್ಯೆಯೂ ಅದರಿಂದಲೇ ಭಾಗವಾಗುತ್ತದೆ. ಇಲ್ಲಿ 575ರಿಂದ 15ನ್ನು ಕಳೆದರೆ 560 ಬರುತ್ತದೆ. ಖಂಡಗಳೆರಡೂ ವರ್ಗಕ್ಕೆ ಒಂದೊಂದು ಕಡಿಮೆಯಾಗಿರುವುದರಿಂದ ಈ ವ್ಯತ್ಯಾಸವು 24ರ ವರ್ಗದಿಂದ 4ರ ವರ್ಗವನ್ನು ಕಳೆದುದಕ್ಕೆ ಸಮ. ಅದು 20 × 28. 28ರಲ್ಲಿ ಏಳು ಇದ್ದೇ ಇದೆ. ಆದಕಾರಣ 575015 ಏಳರಿಂದ ಭಾಗವಾಗುತ್ತದೆ, 11 ಮತ್ತು 13ರಿಂದ ಆಗುವುದಿಲ್ಲ.

ಐದರಿಂದ ಭಾಗಿಸಿದಾಗ ಬರುವ 115003ನ್ನು ಏಳರಿಂದ ಭಾಗಿಸಿದರೆ 16429. ಅದನ್ನು ಮತ್ತೆ ಏಳರಿಂದ ಭಾಗಿಸಿದರೆ 2347. ಇನ್ನು ಪರೀಕ್ಷೆಗೆ ನಿಲ್ಲತಕ್ಕದ್ದು ಈ 2347. ಇದರ ವರ್ಗಮೂಲವು 48ಕ್ಕೂ 49ಕ್ಕೂ ನಡುವೆ ಇರುವುದರಿಂದ 47ರವರೆಗಿನ ಹದಿನೈದು ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅವುಗಳಲ್ಲಿ ನಾಲ್ಕನ್ನು ಒಂದೇ ಏಟಿಗೆ ಬಿಡಬಹುದು: ಹಿಂದಿನ ಸಂಖ್ಯೆಯಾದ 2346 ಎಂಬುದು 2 × 3 × 17 × 23 ಆಗಿರುವುದರಿಂದ ಈ ನಾಲ್ಕರಿಂದಲೂ 2347ಕ್ಕೆ ಒಂದು ಶೇಷವುಳಿಯುತ್ತದೆ. ಉಳಿದ ಹನ್ನೊಂದರಿಂದ ಭಾಗಿಸಿದಾಗ ಬರುವ ಶೇಷಗಳು ಹೀಗಿವೆ: 5ರಿಂದ 2, 7ರಿಂದ 2, 11ರಿಂದ 4, 13ರಿಂದ 7, 19ರಿಂದ 10, 29ರಿಂದ 27, 31ರಿಂದ 22, 37ರಿಂದ 16, 41ರಿಂದ 10, 43ರಿಂದ 25, 47ರಿಂದ 44. ಎಲ್ಲಿಯೂ ಶೂನ್ಯವಿಲ್ಲ, 2347 ಅವಿಭಾಜ್ಯ. ಆದುದರಿಂದ

575015 = 5 × 7 × 7 × 2347

ಎಂಬುದೇ ಸಂಪೂರ್ಣ ಅಪವರ್ತನ. ಯಾವ ದಾರಿಯಿಂದ ಬಂದರೂ ಇದೇ ನಾಲ್ಕು ಅವಯವಗಳು ದೊರೆಯುತ್ತವೆ, ಬೇರೆಯವು ದೊರೆಯುವುದಿಲ್ಲವೆಂಬ ಏಕಮಾತ್ರತೆಯು ಅಂಕಗಣಿತದ ಮೂಲಸಿದ್ಧಾಂತ.

ಮಂಗಳೂರಿನ ಪಿನ್ ಕೋಡುಗಳ ಸಾಲಿನಲ್ಲಿ ಏಳರಿಂದ ಭಾಗವಾಗುವವು 575001, 575008, 575015, 575022 ಎಂದು ಏಳೇಳು ಹೆಜ್ಜೆಗಳಿಗೊಮ್ಮೆ ಬರುತ್ತವೆ. ಪ್ರಧಾನ ಅಂಚೆ ಕಚೇರಿಯ ಸಂಖ್ಯೆಯೇ ಅವುಗಳಲ್ಲಿ ಮೊದಲನೆಯದು. ಆದರೆ 49ರಿಂದ ಭಾಗವಾಗತಕ್ಕದ್ದು 575001ರಿಂದ 575049ರವರೆಗಿನ ನಲವತ್ತೊಂಬತ್ತು ಸಂಖ್ಯೆಗಳಲ್ಲಿ ಒಂದೇ ಒಂದು, ಅದು ಕಾವೂರಿನದು. ಹತ್ತೇ ಹೆಜ್ಜೆ ಮುಂದಿರುವ 575025ರ ಅಪವರ್ತನ 3 × 5 × 5 × 11 × 17 × 41. ಎರಡಕ್ಕೂ ಸಾಮಾನ್ಯವಾದುದು ಐದೊಂದೇ. ಸಂಖ್ಯಾರೇಖೆಯ ಮೇಲಿನ ನೆರೆಹೊರೆಯು ಅಪವರ್ತನಗಳ ಬಾಂಧವ್ಯವನ್ನು ಸೂಚಿಸುವುದಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಇಲ್ಲಿ ಕೈಲೆಕ್ಕದಿಂದ ಕೆಲವೇ ನಿಮಿಷಗಳಲ್ಲಿ ಮುಗಿದ ಕಾರ್ಯವು ನೂರಾರು ಅಂಕಿಗಳ ಸಂಖ್ಯೆಗಳಲ್ಲಿ ಅತ್ಯಂತ ವೇಗದ ಗಣಕಯಂತ್ರಗಳಿಗೂ ದುಸ್ಸಾಧ್ಯವಾಗುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ರೂಪಿಸಿದ ಗೂಢಲಿಪಿಯು ಈ ದುಸ್ಸಾಧ್ಯತೆಯನ್ನೇ ಬುನಾದಿಯಾಗಿ ಮಾಡಿಕೊಂಡಿದೆ.

ಭಾಜಕಗಳು

ಅಪವರ್ತನವು ತಿಳಿದ ಮೇಲೆ ಭಾಜಕಗಳೆಲ್ಲವೂ ತಾವಾಗಿಯೇ ತಿಳಿಯುತ್ತವೆ. ಅವು ಹನ್ನೆರಡು: 1, 5, 7, 35, 49, 245, 2347, 11735, 16429, 82145, 115003, 575015. ಮೊದಲ ಆರು 245ನ್ನು ಭಾಗಿಸತಕ್ಕವು. ಉಳಿದ ಆರು ಅವುಗಳನ್ನೇ 2347ರಿಂದ ಗುಣಿಸಿದಾಗ ಬರತಕ್ಕವು. ಹನ್ನೆರಡರ ಮೊತ್ತ 803016. ಸಂಖ್ಯೆಯನ್ನೇ ಬಿಟ್ಟು ಉಳಿದವುಗಳನ್ನು ಕೂಡಿದರೆ 228001 ಮಾತ್ರ. ಹೀಗೆ ಸಂಖ್ಯೆಯನ್ನು ಬಿಟ್ಟು ಕೂಡಿದ ಭಾಜಕಗಳ ಮೊತ್ತವು ಸಂಖ್ಯೆಗೆ ಸಮನಾದರೆ ಪರಿಪೂರ್ಣವೆಂದೂ, ಕಡಿಮೆಯಾದರೆ ನ್ಯೂನವೆಂದೂ, ಹೆಚ್ಚಾದರೆ ಅಧಿಕವೆಂದೂ ಗ್ರೀಕರ ಕಾಲದಿಂದ ನಡೆದುಬಂದ ವರ್ಗೀಕರಣದಲ್ಲಿ 575015 ನ್ಯೂನ ಸಂಖ್ಯೆಗಳ ಪಂಕ್ತಿಗೆ ಸೇರುತ್ತದೆ.

ಇದಕ್ಕಿಂತ ಚಿಕ್ಕವಾಗಿದ್ದು ಇದರೊಡನೆ ಒಂದರ ಹೊರತು ಯಾವ ಸಾಮಾನ್ಯ ಭಾಜಕವನ್ನೂ ಹೊಂದಿರದ ಸಂಖ್ಯೆಗಳು 4 × 42 × 2346, ಎಂದರೆ 394128. ಆಯ್ಲರನ ಹೆಸರಿನಿಂದ ಪ್ರಸಿದ್ಧವಾದ ಈ ಗಣನೆಯ ಪ್ರಕಾರ, 575015ರವರೆಗಿನ ಸಂಖ್ಯೆಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ಇದರೊಡನೆ ಯಾವ ಅವಯವವನ್ನೂ ಹಂಚಿಕೊಳ್ಳುವುದಿಲ್ಲ.

ವರ್ಗಗಳೊಡನೆ ಸಂಬಂಧ

575015 ಪೂರ್ಣವರ್ಗವಲ್ಲ, 758ರ ವರ್ಗವಾದ 574564ಕ್ಕೂ 759ರ ವರ್ಗವಾದ 576081ಕ್ಕೂ ನಡುವೆ ಇದೆ. ಆದರೆ ಎರಡು ವರ್ಗಗಳ ವ್ಯತ್ಯಾಸವಾಗಿ ಇದನ್ನು ಆರು ವಿಧವಾಗಿ ಬರೆಯಬಹುದು. ಹನ್ನೆರಡು ಭಾಜಕಗಳು ಆರು ಜೋಡಿಗಳಾಗುವುದೇ ಇದಕ್ಕೆ ಕಾರಣ. ಜೋಡಿಯ ಮೊತ್ತದ ಅರ್ಧವೂ ವ್ಯತ್ಯಾಸದ ಅರ್ಧವೂ ಬೇಕಾದ ಎರಡು ವರ್ಗಮೂಲಗಳು. ಆರರಲ್ಲಿ ಅತ್ಯಂತ ರಮ್ಯವಾದುದು 245, 2347 ಎಂಬ ಜೋಡಿಯಿಂದ ಬರುತ್ತದೆ. ಇವುಗಳ ಮೊತ್ತ 2592, ಅದರ ಅರ್ಧ 1296. ವ್ಯತ್ಯಾಸ 2102, ಅದರ ಅರ್ಧ 1051. ಎಂದರೆ 1296ರ ವರ್ಗವಾದ 1679616ರಿಂದ 1051ರ ವರ್ಗವಾದ 1104601ನ್ನು ಕಳೆದರೆ 575015. ಆದರೆ 1296 ಎಂಬುದೇ 36ರ ವರ್ಗ, 36 ಎಂಬುದು 6ರ ವರ್ಗ. ಹೀಗಾಗಿ ಆರನ್ನು ಎಂಟು ಬಾರಿ ತೆಗೆದುಕೊಂಡು ಗುಣಿಸಿ ಬಂದ ಫಲದಿಂದ 1051ರ ವರ್ಗವನ್ನು ಕಳೆದುದೇ ಕಾವೂರಿನ ಸಂಖ್ಯೆ. ಅಪವರ್ತನಗಳಲ್ಲಿ ಎರಡಾಗಲಿ ಮೂರಾಗಲಿ ಇಲ್ಲದ ಸಂಖ್ಯೆಯೊಂದು ಎರಡು ಮೂರುಗಳಿಂದಲೇ ಕಟ್ಟಿದ ಆರರ ಎಂಟನೆಯ ಘಾತದೊಡನೆ ಇಷ್ಟು ನಿಕಟವಾದ ಸಂಬಂಧವನ್ನಿಟ್ಟುಕೊಂಡಿರುವುದು ನೋಡುವವರಿಗೆ ನಿಜವಾದ ಸಂತೋಷವನ್ನು ಕೊಡತಕ್ಕ ಸಂಗತಿ.

ವರ್ಗಗಳ ವ್ಯತ್ಯಾಸದ ಮೂಲಕ ಅಪವರ್ತನಗಳನ್ನು ಹುಡುಕುವ ವಿಧಾನವನ್ನು ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಫರ್ಮಾನ ಹೆಸರಿನಿಂದ ಕರೆಯುವರು. 1356ರಲ್ಲಿ ರಚಿತವಾದ ಗಣಿತಕೌಮುದಿಯಲ್ಲಿ ನಾರಾಯಣ ಪಂಡಿತನು ಇದೇ ಮಾರ್ಗವನ್ನು ಅದಕ್ಕೂ ಮೊದಲೇ ವಿವರಿಸಿದ್ದಾನೆ.

ಇದೇ ಎರಡು ಮೂಲಗಳು ಲಂಬಕೋನ ತ್ರಿಭುಜವೊಂದಕ್ಕೂ ಬೀಜಗಳಾಗುತ್ತವೆ. ವರ್ಗಗಳ ವ್ಯತ್ಯಾಸ 575015 ಒಂದು ಭುಜ. ಮೂಲಗಳ ಗುಣಲಬ್ಧದ ಇಮ್ಮಡಿ 2724192 ಇನ್ನೊಂದು ಭುಜ. ವರ್ಗಗಳ ಮೊತ್ತ 2784217 ಕರ್ಣ. ಕರ್ಣವೇ 575015 ಆಗಿರುವ ಪೂರ್ಣಾಂಕ ತ್ರಿಭುಜವೂ ಉಂಟು, ಆದರೆ ಒಂದೇ ಒಂದು: ಅದರ ಭುಜಗಳು 345009 ಮತ್ತು 460012. ಅದು ಪ್ರಸಿದ್ಧವಾದ 3, 4, 5ರ ತ್ರಿಭುಜವನ್ನು 115003 ಪಟ್ಟು ಹಿಗ್ಗಿಸಿದುದು. ಅಪವರ್ತನಗಳಲ್ಲಿ ನಾಲ್ಕರಿಂದ ಭಾಗಿಸಿದಾಗ ಒಂದು ಶೇಷವುಳಿಯತಕ್ಕದ್ದು ಐದು ಮಾತ್ರ ಆದುದರಿಂದ ಬೇರೆ ತ್ರಿಭುಜಕ್ಕೆ ಅವಕಾಶವಿಲ್ಲ.

ವರ್ಗಗಳ ಮೊತ್ತದ ವಿಚಾರಕ್ಕೆ ಬಂದರೆ ಸಂಖ್ಯೆಯು ತನ್ನ ಕಠಿಣ ಸ್ವಭಾವವನ್ನು ತೋರುತ್ತದೆ. ನಾಲ್ಕರಿಂದ ಭಾಗಿಸಿದಾಗ ಮೂರು ಶೇಷವುಳಿಯುವ 2347 ಒಂದೇ ಸಲ ಅಪವರ್ತನದಲ್ಲಿ ಬಂದಿರುವುದರಿಂದ ಇದು ಎರಡು ವರ್ಗಗಳ ಮೊತ್ತವಾಗಲಾರದು. ಮೂರು ವರ್ಗಗಳಿಂದಲೂ ಕೆಲಸ ಸಾಗದು. ಯಾವ ವರ್ಗವನ್ನೇ ಆಗಲಿ ಎಂಟರಿಂದ ಭಾಗಿಸಿದರೆ ಉಳಿಯುವುದು 0, 1, 4 ಈ ಮೂರರಲ್ಲಿ ಒಂದು. ಇಂತಹ ಮೂರನ್ನು ಹೇಗೆ ಕೂಡಿದರೂ ಏಳು ಶೇಷವಾಗಿ ಬರುವುದಿಲ್ಲ. ದ್ವಿಮಾನ ರೂಪದ ಕೊನೆಯ ಮೂರು ಒಂದುಗಳು ಸಾರಿದ ಏಳು ಇಲ್ಲಿ ಅಡ್ಡವಾಗಿ ನಿಲ್ಲುತ್ತದೆ. ಆದರೆ ಪ್ರತಿಯೊಂದು ಸ್ವಾಭಾವಿಕ ಸಂಖ್ಯೆಯೂ ನಾಲ್ಕು ವರ್ಗಗಳ ಮೊತ್ತವೆಂದು ಲಗ್ರಾಂಜನು 1770ರಲ್ಲಿ ಸಾಧಿಸಿದ್ದಾನೆ. ಆ ಆಶ್ವಾಸನೆಯಂತೆ ಇಲ್ಲಿ ದೊರೆಯುವ ಒಂದು ರೂಪ: 758, 21, 3, 1 ಇವುಗಳ ವರ್ಗಗಳಾದ 574564, 441, 9, 1 ಸೇರಿ 575015. ನಾಲ್ಕನೆಯ ವರ್ಗವು ಕೇವಲ ಒಂದಾಗಿದ್ದರೂ ಅದನ್ನು ಬಿಡುವಂತಿಲ್ಲ.

ಘನಗಳೊಡನೆ ಸಂಬಂಧ

ಅಂಕಿಗಳ ಮೊತ್ತ 5 + 7 + 5 + 0 + 1 + 5 = 23; ಅದರ ಅಂಕಿಗಳ ಮೊತ್ತ 5. ಆದುದರಿಂದ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದರೆ ಐದು ಉಳಿಯುತ್ತದೆ. ಘನಗಳನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವುದು 0, 1, 8 ಮಾತ್ರ; ಇವುಗಳಲ್ಲಿ ಮೂರನ್ನು ಕೂಡಿ ನಾಲ್ಕನ್ನಾಗಲಿ ಐದನ್ನಾಗಲಿ ಶೇಷವಾಗಿ ಪಡೆಯುವುದು ಅಸಾಧ್ಯ. ಋಣಸಂಖ್ಯೆಗಳ ಘನಗಳನ್ನು ಸೇರಿಸಿಕೊಂಡರೂ ಪರಿಸ್ಥಿತಿ ಬದಲಾಗುವುದಿಲ್ಲ. ಹಾಗಾಗಿ 575015 ಮೂರು ಘನಗಳ ಮೊತ್ತವಾಗಿ ಎಂದಿಗೂ ಒದಗದು. 33 ಮತ್ತು 42 ಎಂಬ ಚಿಕ್ಕ ಸಂಖ್ಯೆಗಳನ್ನು ಮೂರು ಘನಗಳಾಗಿ ಬಿಡಿಸುವುದು ಬಹುಕಾಲ ಸಾಧ್ಯವಾಗದೆ 2019ರಲ್ಲಿ ಮಹತ್ತರ ಗಣಕಶ್ರಮದಿಂದ ಸಾಧ್ಯವಾಯಿತು. ಅಲ್ಲಿ ಉತ್ತರವಿತ್ತು, ಹುಡುಕಬೇಕಾಗಿತ್ತು. ಇಲ್ಲಿ ಉತ್ತರವಿಲ್ಲವೆಂಬುದು ಶಾಲೆಯ ಬಾಲಕನಿಗೂ ತಿಳಿಯುವಷ್ಟು ಸ್ಪಷ್ಟವಾಗಿದೆ. ಮೂರು ವರ್ಗಗಳಿಗೂ ಮೂರು ಘನಗಳಿಗೂ ಏಕಕಾಲದಲ್ಲಿ ಎಟುಕದಿರುವುದು ಈ ಸಂಖ್ಯೆಯ ಒಂದು ಲಕ್ಷಣವೆಂದು ಹೇಳಬಹುದು.

ದಶಾಂಶ ವಿಸ್ತಾರ

ಒಂದನ್ನು 575015ರಿಂದ ಭಾಗಿಸುತ್ತ ಹೋದರೆ ದಶಾಂಶದ ಅಂಕಿಗಳು ಎಷ್ಟು ದೂರ ಸಾಗಿ ಮರುಕಳಿಸುತ್ತವೆಂಬುದು ಅಪವರ್ತನದಿಂದಲೇ ನಿರ್ಣಯವಾಗುತ್ತದೆ. ಐದು ಎಂಬ ಅವಯವದ ದೆಸೆಯಿಂದ ಬಿಂದುವಿನ ತರುವಾಯದ ಒಂದು ಸ್ಥಾನವು ಆವರ್ತನದಿಂದ ಹೊರಗುಳಿಯುತ್ತದೆ. ಏಳರ ವ್ಯುತ್ಕ್ರಮವು 142857 ಎಂಬ ಆರಂಕಿಗಳ ಆವರ್ತವುಳ್ಳದ್ದೆಂಬುದು ಸುಪರಿಚಿತ. 49ರ ವ್ಯುತ್ಕ್ರಮದಲ್ಲಿ ಆವರ್ತವು ಆರರ ಏಳು ಪಟ್ಟಾಗಿ 42 ಅಂಕಿಗಳಿಗೆ ಬೆಳೆಯುತ್ತದೆ:

0.020408163265306122448979591836734693877551…

ಇದರ ಆರಂಭದಲ್ಲಿ 02, 04, 08, 16, 32 ಎಂದು ಎರಡರ ಘಾತಗಳು ಸಾಲಾಗಿ ನಿಂತಿರುವುದನ್ನು ಓದುಗರು ಗಮನಿಸಬಹುದು. ಮುಂದಿನ 64 ಎಂಬುದು ತನ್ನ ನಂತರದ 128ರಿಂದ ಬಂದ ದಶಕವೊಂದನ್ನು ಕೂಡಿಕೊಂಡು 65 ಆಗಿದೆ.

2347ರ ವ್ಯುತ್ಕ್ರಮದ ಆವರ್ತವು ಫರ್ಮಾನ ಪ್ರಮೇಯದ ಪ್ರಕಾರ 2346ರ ಭಾಜಕವಾಗಿರಬೇಕು. ಹತ್ತು ಎಂಬುದು 2347ರ ಸಂಬಂಧದಲ್ಲಿ ವರ್ಗಶೇಷ, ಎಂದರೆ ಯಾವುದೋ ವರ್ಗವನ್ನು 2347ರಿಂದ ಭಾಗಿಸಿದಾಗ ಉಳಿಯುವ ಶೇಷ, ಆಗಿರುವುದರಿಂದ ಅದು 2346ರ ಅರ್ಧವಾದ 1173ನ್ನು ಮೀರುವಂತಿಲ್ಲ. 1173ರ ಅವಯವಗಳು 3, 17, 23. ಆದುದರಿಂದ ಹತ್ತರ 51, 69, 391ನೆಯ ಘಾತಗಳನ್ನು ಪರೀಕ್ಷಿಸಿದರೆ ಸಾಕು. ಯಾವುದೂ ಒಂದನ್ನು ಶೇಷವಾಗಿ ಕೊಡುವುದಿಲ್ಲವಾದಕಾರಣ ಆವರ್ತವು 1173ಕ್ಕಿಂತ ಕಡಿಮೆಯೂ ಆಗುವುದಿಲ್ಲ. ಇನ್ನು 42 ಮತ್ತು 1173ರ ಲಘುತಮ ಸಾಮಾನ್ಯ ಅಪವರ್ತ್ಯವನ್ನು ತೆಗೆದುಕೊಂಡರೆ 16422. ಹೀಗೆ 575015ರ ವ್ಯುತ್ಕ್ರಮದಲ್ಲಿ ಒಂದು ಅಂಕಿಯ ಅನಂತರ 16422 ಅಂಕಿಗಳ ಮಾಲೆಯೊಂದು ಕೊನೆಯಿಲ್ಲದೆ ಆವರ್ತಿಸುತ್ತದೆ. ಆರಂಕಿಯ ಸಂಖ್ಯೆಯೊಳಗಿನಿಂದ ಹಲವು ಪುಟಗಳನ್ನು ತುಂಬುವಷ್ಟು ಉದ್ದದ ಕ್ರಮವೊಂದು ಹೊರಡುವುದೂ, ಅದರ ಉದ್ದವನ್ನು ಒಂದಂಕಿಯನ್ನೂ ಬರೆಯದೆ ಮುಂಚಿತವಾಗಿ ಹೇಳಬಹುದಾಗಿರುವುದೂ ಅಂಕಗಣಿತದ ವೈಭವಕ್ಕೆ ಸಾಕ್ಷಿ. ಲಘುತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಿಂದ ನಿರೂಪಿಸಿ ಭಿನ್ನರಾಶಿಗಳ ಗಣನೆಯಲ್ಲಿ ಬಳಕೆಗೆ ತಂದವನು ಮುಂದೆ ಪ್ರಸ್ತಾಪಿಸುವ ಮಹಾವೀರಾಚಾರ್ಯನೇ.

ಅಂಕಿಗಳ ಪರಿವರ್ತನೆಗಳು

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದ. ರಾ. ಕಪ್ರೇಕರರು (1905–1986) ಅಂಕಿಗಳ ವಿನ್ಯಾಸವನ್ನೇ ಅಭ್ಯಾಸದ ವಿಷಯವನ್ನಾಗಿ ಮಾಡಿಕೊಂಡು ಲೋಕವಿಖ್ಯಾತರಾದರು. ಸಂಖ್ಯೆಯೊಂದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದಲ್ಲಿ ಬರೆದುದನ್ನು ಅದರಿಂದ ಕಳೆದು, ಬಂದ ಉತ್ತರಕ್ಕೆ ಮತ್ತೆ ಅದೇ ಕ್ರಿಯೆಯನ್ನು ಮಾಡುತ್ತ ಹೋಗುವುದು ಅವರ ಹೆಸರಿನ ಪ್ರಕ್ರಿಯೆ. ನಾಲ್ಕಂಕಿಗಳಲ್ಲಿ ಇದು ಸಾಮಾನ್ಯವಾಗಿ 6174ರಲ್ಲಿ ನಿಲ್ಲುತ್ತದೆ. 575015ಕ್ಕೆ ಇದನ್ನು ಅನ್ವಯಿಸಿದರೆ:

755510 − 015557 = 739953
997533 − 335799 = 661734
766431 − 134667 = 631764

ಇನ್ನು 631764ರ ಅಂಕಿಗಳು ಹಿಂದಿನ ಸಂಖ್ಯೆಯ ಅಂಕಿಗಳೇ ಆದುದರಿಂದ ಮತ್ತೆ ಮತ್ತೆ 631764 ಎಂಬುದೇ ಬರುತ್ತದೆ. ಆರಂಕಿಯ ಸಂಖ್ಯೆಗಳಲ್ಲಿ ಎಲ್ಲವೂ ಹೀಗೆ ಒಂದೆಡೆ ನೆಲೆನಿಲ್ಲುವುದಿಲ್ಲ, ಹಲವು ಚಕ್ರವಾಗಿ ಸುತ್ತುತ್ತಿರುತ್ತವೆ. ಕಾವೂರಿನ ಸಂಖ್ಯೆಯಾದರೋ ಮೂರೇ ಹೆಜ್ಜೆಗಳಲ್ಲಿ ಸ್ಥಿರವಾದ ನೆಲೆಯನ್ನು ಸೇರುತ್ತದೆ.

ಸಂಖ್ಯೆಯೊಂದಕ್ಕೆ ಅದರ ಅಂಕಿಗಳ ಮೊತ್ತವನ್ನು ಕೂಡಿ ಪಡೆಯಲಾಗದ ಸಂಖ್ಯೆಗಳನ್ನು ಕಪ್ರೇಕರರು ‘ಸ್ವಯಂಭೂ’ ಎಂದು ಕರೆದರು. 575015 ಸ್ವಯಂಭೂ ಅಲ್ಲ: 574981ರ ಅಂಕಿಗಳ ಮೊತ್ತವಾದ 34ನ್ನು ಅದಕ್ಕೆ ಕೂಡಿದರೆ ಇದು ಬರುತ್ತದೆ, ಬೇರಾವ ಸಂಖ್ಯೆಯಿಂದಲೂ ಬರುವುದಿಲ್ಲ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ‘ಹರ್ಷದ’ ಸಂಖ್ಯೆಯೂ ಇದಲ್ಲ. 23ರಿಂದ ಭಾಗಿಸಿದರೆ 15 ಉಳಿಯುತ್ತದೆ.

ಹಿಂದುಮುಂದಾಗಿ ಬರೆದು ಕೂಡುವ ಕ್ರಿಯೆಯಲ್ಲಿಯೂ ಫಲವು ಶೀಘ್ರವಾಗಿ ದೊರೆಯುತ್ತದೆ. 575015ಕ್ಕೆ 510575ನ್ನು ಕೂಡಿದರೆ 1085590. ಅದಕ್ಕೆ 955801ನ್ನು ಕೂಡಿದರೆ 2041391. ಅದಕ್ಕೆ 1931402ನ್ನು ಕೂಡಿದರೆ 3972793. ಇದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಕನ್ನಡ ನಾಡಿನ ಗಣಿತಪರಂಪರೆಯೊಡನೆ ಸಂಬಂಧ

ಸಂಖ್ಯೆಗಳ ಇಂತಹ ಗುಣಗಳನ್ನು ಪ್ರೀತಿಯಿಂದ ಪರಿಶೀಲಿಸುವ ಸಂಪ್ರದಾಯವು ಕರ್ನಾಟಕಕ್ಕೆ ಹೊಸದಲ್ಲ. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಖಗೋಳಶಾಸ್ತ್ರದ ಅಂಗವಾಗಿ ಅಲ್ಲದೆ ಗಣಿತವನ್ನು ಗಣಿತವೆಂದೇ ಪ್ರತಿಪಾದಿಸಿದ ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದರು. ಏಕದಿಂದ ಮೊದಲ್ಗೊಂಡು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಅಲ್ಲಿ ಹೆಸರುಗಳಿವೆ. ಆ ಸೋಪಾನದಲ್ಲಿ 575015 ಲಕ್ಷವೆಂಬ ಆರನೆಯ ಮೆಟ್ಟಿಲಿನವರೆಗೆ ಮಾತ್ರ ಏರುತ್ತದೆ. ಎರಡು ಬೀಜಗಳಿಂದ ಭುಜ, ಕೋಟಿ, ಕರ್ಣಗಳನ್ನು ಹುಟ್ಟಿಸುವ ‘ಜನ್ಯ’ ಕ್ರಿಯೆಯು ಅಲ್ಲಿ ಸವಿಸ್ತಾರವಾಗಿ ಬಂದಿದೆ. ಮೇಲೆ 1296, 1051ಗಳಿಂದ ಪಡೆದ ತ್ರಿಭುಜವು ಆ ಕ್ರಿಯೆಯದೇ ಫಲ.

ಗುಣಾಕಾರದ ಪ್ರಕರಣದಲ್ಲಿ ಮಹಾವೀರನು ಕಂಠಾಭರಣಗಳೆಂದು ಕರೆದು ಕೆಲವು ಗುಣಲಬ್ಧಗಳನ್ನು ಪೋಣಿಸಿಟ್ಟಿದ್ದಾನೆ. 152207ನ್ನು 73ರಿಂದ ಗುಣಿಸಿದರೆ 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಈ ಕೊನೆಯದಕ್ಕೂ ಕಾವೂರಿನ ಸಂಖ್ಯೆಗೂ ನಡುವೆ ಒಂದು ನಂಟಿದೆ. 12345654321 ಎಂಬುದು 111111ರ ವರ್ಗ. 111111ರ ಅಪವರ್ತನಗಳು 3, 7, 11, 13, 37. ಇವುಗಳಲ್ಲಿ 3 ಮತ್ತು 7ನ್ನು ಗುಣಿಸಿ ವರ್ಗಿಸಿದರೆ ಮಹಾವೀರನ ಗುಣಕವಾದ 441. ಇನ್ನು 575015ನ್ನು 1001ರಿಂದ ಭಾಗಿಸಿದರೆ ಭಾಗಲಬ್ಧ 574, ಶೇಷ ಸರಿಯಾಗಿ ಅದೇ 441. ಬೇರೆ ಮಾತಿನಲ್ಲಿ, 7ರಿಂದ ಭಾಗಿಸಿದರೆ ಶೇಷವಿಲ್ಲದೆ, 11ರಿಂದ ಭಾಗಿಸಿದರೆ 1 ಉಳಿದು, 13ರಿಂದ ಭಾಗಿಸಿದರೆ 12 ಉಳಿಯತಕ್ಕ ಸಂಖ್ಯೆ ಯಾವುದೆಂದು ಕುಟ್ಟಾಕಾರದ ರೀತಿಯಲ್ಲಿ ಪ್ರಶ್ನೆ ಹಾಕಿದರೆ, ಅತ್ಯಂತ ಚಿಕ್ಕ ಉತ್ತರ 441. ಅದಕ್ಕೆ 1001ನ್ನು 574 ಬಾರಿ ಕೂಡಿದಾಗ ದೊರೆಯುವ ಉತ್ತರ 575015. ಮಹಾವೀರನ ಕಂಠಾಭರಣಕ್ಕೂ ಕಾವೂರಿನ ಸಂಖ್ಯೆಗೂ ಇರುವ ಅತ್ಯಂತ ದೊಡ್ಡ ಸಾಮಾನ್ಯ ಭಾಜಕ 49. ಮುಂದೆ ಸಹಸ್ರ ವರ್ಷಗಳು ಕಳೆದ ಮೇಲೆ ಕಪ್ರೇಕರರು ‘ಡೆಮ್ಲೋ’ ಎಂಬ ಹೆಸರಿನಿಂದ ಅಭ್ಯಾಸ ಮಾಡಿದ ಸಂಖ್ಯೆಗಳ ಗುಂಪಿಗೆ 12345654321 ಸೇರಿರುವುದು ಸ್ಮರಣೀಯ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳ ಮೂಲಕ ಗಣಿತವನ್ನು ಕನ್ನಡ ಭಾಷೆಯಲ್ಲಿಯೇ ಹೇಳಿ, ಶಾಸ್ತ್ರವನ್ನು ವ್ಯಾಪಾರಿಗೂ ಶ್ಯಾನುಭೋಗನಿಗೂ ಕೈಗೆಟುಕುವಂತೆ ಮಾಡಿದನು.

ಮಹತ್ವ

ಸಂಖ್ಯೆಗಳಲ್ಲಿ ಕೆಲವು ಪ್ರಸಿದ್ಧ, ಉಳಿದವು ನೀರಸ ಎಂಬ ಭಾವನೆ ಸಾಮಾನ್ಯವಾಗಿ ಪ್ರಚಲಿತವಾಗಿದೆ. 575015ರ ಪರೀಕ್ಷೆಯು ಈ ಭಾವನೆಗೆ ಆಧಾರವಿಲ್ಲವೆಂದು ತೋರಿಸುತ್ತದೆ. ಆಡಳಿತದ ಅನುಕೂಲಕ್ಕಾಗಿ ಊರಿಗೆ ಅಂಟಿಕೊಂಡ ಸಂಖ್ಯೆಯಲ್ಲಿ ಆರರ ಎಂಟನೆಯ ಘಾತವೂ, ಏಳರ ವರ್ಗವೂ, ಮೂರು ವರ್ಗಗಳಿಗೂ ಮೂರು ಘನಗಳಿಗೂ ಒಗ್ಗದ ದಾರ್ಢ್ಯವೂ, ಹದಿನಾರು ಸಾವಿರ ಅಂಕಿಗಳನ್ನು ಮೀರಿದ ಆವರ್ತವೂ ಒಟ್ಟಿಗೆ ನೆಲೆಸಿರುವಾಗ, ನೀರಸತೆಯು ಸಂಖ್ಯೆಯ ಗುಣವಲ್ಲ, ನೋಡದಿರುವುದರ ಫಲ ಎಂದೇ ನಿರ್ಣಯಿಸಬೇಕಾಗುತ್ತದೆ. ಇಲ್ಲಿ ಉಪಯೋಗಿಸಿದ ಕ್ರಿಯೆಗಳಲ್ಲಿ ಬಹುಪಾಲು ಪ್ರೌಢಶಾಲೆಯ ವಿದ್ಯಾರ್ಥಿಗೆ ಎಟುಕತಕ್ಕವು. ಮಗ್ಗಿ, ಭಾಗಾಕಾರ, ವರ್ಗಮೂಲ ಇವಿಷ್ಟೇ ಸಾಧನಗಳು. ಆದುದರಿಂದ ಅಪವರ್ತನವನ್ನು ಕಲಿಸುವ ಉಪಾಧ್ಯಾಯರು ಪಠ್ಯಪುಸ್ತಕದ ಉದಾಹರಣೆಗಳೊಡನೆ ತಮ್ಮ ಶಾಲೆಯ ಊರಿನ ಪಿನ್ ಕೋಡನ್ನೂ ಕರಿಹಲಗೆಯ ಮೇಲೆ ಬರೆದು, ಅದರ ಭಾಜಕಗಳನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ವಹಿಸಬೇಕು. ಓದುಗರೂ ತಮ್ಮ ವಿಳಾಸದ ಕೊನೆಯಲ್ಲಿರುವ ಆರಂಕಿಗಳನ್ನು ಒಮ್ಮೆ ಕೈಲೆಕ್ಕದಿಂದ ಬಿಡಿಸಿ ನೋಡಬೇಕು.